ಚುಯ್

ದೀಪ ಆರಿದ್ದು ಪರದೆಯ ಮೇಲೆ.
ಆರಿಸಿದವಳು ಇದ್ದದ್ದು ಲೀತ್ ಬಂದರಿನ ಹಿಂದೆ,
ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ:
ಇಶ್‌ಬೆಲ್ ಮ್ಯಾಕ್ವಾರಿ, ಐವತ್ತೆರಡು,
ಕಸುಬು, ಸಿನಿಮಾಕ್ಕೆ ಸದ್ದು ಮಾಡುವುದು.

ರಾಜ ಹಿಮದಲ್ಲಿ ನಡೆದರೆ
ಇವಳು ಹಿಟ್ಟು ತುಂಬಿದ ಕಾಲುಚೀಲ ಹಿಸುಕುತ್ತಾಳೆ.
ಹದ್ದು ಹಾರಿದರೆ
ಬಿಟ್ಟುಹೋದ ಗಂಡನ ಚರ್ಮದ ಕೈಗವಸು
ಪಟಪಟ ಬಡಿಯುತ್ತಾಳೆ.
(ಅವನಿಂದಾದ ಉಪಯೋಗ ಅದೊಂದೇ, ಅನ್ನುತ್ತಾಳೆ.)

ಆ ದೀಪದ ಕಥೆ, ಗೊತ್ತಿಲ್ಲದವರಿಗೆ:
ಮೊದಲ ಭಾಗದಲ್ಲಿ ಬಂದರು ಕಾಯುವ ಮುದುಕ
ಬಿರುಗಾಳಿಯಲ್ಲಿ ಹತ್ತಿಸಿದ್ದು.
ಹತ್ತೊಂಬತ್ತು ವರ್ಷ ಜನ ಅದನ್ನು ಆರಗೊಡಲಿಲ್ಲ.
ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡರು,
ಮದುವೆಯುಂಗುರದ ಒಳಮೈಯಲ್ಲಿ ಕೊರೆಸಿದರು,
ಆಸ್ಪತ್ರೆಯ ಮಂಚದ ಪಕ್ಕ
ಪ್ಲಾಸ್ಟಿಕ್ಕಿನದೊಂದು ಇಟ್ಟುಕೊಂಡು ಮಲಗಿದರು.

ಎರಡನೆಯ ಭಾಗದಲ್ಲಿ ಅದೇ ಮುದುಕ
ಹೆಬ್ಬೆರಳು ತೋರುಬೆರಳು ಎಂಜಲು ಮಾಡಿ
ಬತ್ತಿಯನ್ನು ಚಿವುಟಿದ.
ಚುಯ್.
ಕಾರಣ ಹೇಳಲಿಲ್ಲ. ಎದ್ದು ಹೋದ.

ಕಾದ ಇಸ್ತ್ರಿಪೆಟ್ಟಿಗೆಗೆ ಒದ್ದೆ ಚಕ್ಕಳ ಒತ್ತಿ,
ನಲವತ್ತೊಂದು ಸಲ ಒತ್ತಿ, ಬೆರಳು ಬೊಬ್ಬೆಯೆದ್ದು
ಹುಟ್ಟಿದ ಸದ್ದು ಅದು. ಅರೆ ಕ್ಷಣದ್ದು.
ಮೊದಲ ರಾತ್ರಿ ಅವಳೂ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದಳು.
ಇನ್ನೂರು ಜನ ಒಟ್ಟಿಗೆ ಉಸಿರು ಒಳಗೆಳೆದರು.
ಇದಕ್ಕಿಂತ ಒಳ್ಳೆಯದನ್ನು ಮಾಡಿಲ್ಲ ನಾನು, ಅಂದುಕೊಂಡಳು.
ಎಳೆದ ಉಸಿರು ಹೊರಗೂ ಬರಬೇಕಲ್ಲ,
ಅದನ್ನು ಯೋಚಿಸಲಿಲ್ಲ.

ಬೈದರು. ನಿರ್ದೇಶಕನನ್ನು, ಬರೆದವನನ್ನು,
ಎಲ್ಲರಿಗಿಂತ ಹೆಚ್ಚಾಗಿ ಮೊಮ್ಮಗಳ ಪಾತ್ರದ ಹುಡುಗಿಯನ್ನು
(ಅವಳು ದೀಪ ಮುಟ್ಟಿಯೇ ಇರಲಿಲ್ಲ).
ದೊಡ್ಡವರನ್ನು ತಿಂದು ಮುಗಿಸಿದ ಸಿಟ್ಟು
ಕಟ್ಟಕಡೆಯ ಹೆಸರುಗಳಿಗೆ ಬಂತು,
ಎಳ್ಳುಕಾಳಿನಷ್ಟು ಅಕ್ಷರಗಳಿಗೆ.
ಇಶ್‌ಬೆಲ್ ಫೋನು ಗುಂಯ್ ಅನ್ನತೊಡಗಿತು.
ನಿನ್ನ ಕೈ ಸೇದಿಹೋಗಲಿ.
ನಿನ್ನ ಮನೆ ದೀಪ ಆರಲಿ.
ನಮ್ಮ ಬಾಲ್ಯಕ್ಕೆ ಮಣ್ಣು ಹಾಕಿದೆಯಲ್ಲೇ.
ಒಬ್ಬ ಬರೀ ವಿಳಾಸ ಬರೆದಿದ್ದ.
ಅವಳದು. ಬಾಗಿಲ ಬಣ್ಣದ ಸಮೇತ.

ಅದರಲ್ಲೊಂದು ದನಿ, ಎರಡು ನಿಮಿಷ ಹನ್ನೊಂದು ಸೆಕೆಂಡು.
ಡಂಡೀ ಕಡೆಯ ಮಾತು, ಗಂಡಸು, ಕುಡಿದಿಲ್ಲ.
ಮೊದಲ ನಿಮಿಷ ಇಲ್ಲಿ ಬರೆಯುವಂಥದ್ದಲ್ಲ.
ಆದರೆ ಕಸುಬಿನ ಕಿವಿ, ಹಾಳು ಕಿವಿ,
ಬೈಗುಳ ಸರಿಸಿ ಅದರ ಹಿಂದೆ ಹೋಗಿ ನಿಂತಿತು:
ಹಳೇ ಫ್ರಿಜ್ಜು, ಶ್ರುತಿ ಸ್ವಲ್ಪ ಇಳಿದಿದೆ.
ನೆಲದ ಮೇಲೆ ನಾಯಿಯ ಉಗುರು, ಟಿಕಿಟಿಕಿ,
ಕತ್ತರಿಸಿ ಬಹಳ ದಿನವಾಗಿದೆ.
ಕೆಟಲು ಕುದಿದು ಟಕ್ ಅಂತು. ಯಾರೂ ಏಳಲಿಲ್ಲ.

ಬೈದು ಮುಗಿಸಿದವನು ಫೋನು ಆರಿಸುವುದನ್ನು ಮರೆತಿದ್ದ.
ನಾಯಿ ನೀರು ಕುಡಿಯಿತು, ಲಪಲಪ.
ಕುರ್ಚಿ ಕಿರ್ ಅಂತು.
"ಹಂಗಲ್ಲ ಕಣೇ ಅದು ಆರೋದು," ನಾಯಿಗೆ ಹೇಳಿದ. "ನೋಡಿಲ್ಲಿ."
ಕಡ್ಡಿ ಗೀರಿದ ಸದ್ದು. ಬತ್ತಿ ಹತ್ತಿರಬೇಕು.
ಆಮೇಲೆ

ಏನೂ ಇಲ್ಲ.

ಹಿಂದಕ್ಕೆ ಹೋಗಿ, ದನಿ ಏರಿಸಿ ಕೇಳಿದಳು.
ಫ್ರಿಜ್ಜು ಮಾತ್ರ.

ರಾತ್ರಿ ಎರಡಕ್ಕೆ ಇಶ್‌ಬೆಲ್
ಡ್ರಾಯರಿನ ತಳದಿಂದ ಮೇಣದಬತ್ತಿ ಹುಡುಕಿ
ಹತ್ತಿಸಿ, ಬೆರಳು ನೆಕ್ಕಿ, ಚಿವುಟಿದಳು.
ಮೂರು ಸಲ.
ಇಷ್ಟು ಸಣ್ಣ ಉರಿ ಹೋಗುವಾಗ
ಏನೋ ಅಂದರೂ ಅಂದೀತು, ಕೇಳುವಷ್ಟಲ್ಲ.
ಚುಯ್ ಅನ್ನುವುದು ಒಗ್ಗರಣೆ.

ಪೊಲೀಸರಿಗೆ ಕೊಡು ಅಂದಳು ತಂಗಿ ಮೋರಗ್.
ಕೊಟ್ಟಳು. ಬಾಗಿಲ ಬಣ್ಣದವನನ್ನೂ, ಇವನನ್ನೂ.
ಬಾಗಿಲಿಗೆ ಬೇರೆ ಬಣ್ಣ ಹೊಡೆಸಿದಳು.

ಕೊನೆಯ ನಲವತ್ತು ಸೆಕೆಂಡು ಮಾತ್ರ ಕತ್ತರಿಸಿ
ಮಳೆ, ಮೂಳೆ, ಕೀಲು, ಕುದುರೆಗಳಿರುವ
ತನ್ನ ಸದ್ದಿನ ಉಗ್ರಾಣದಲ್ಲಿಟ್ಟು ಹೆಸರು ಬರೆದಳು:
ಅಡುಗೆಮನೆ. ರಾತ್ರಿ. ಒಬ್ಬ ಗಂಡಸು, ಒಂದು ನಾಯಿ.
ಬಳಸುವಂತಿಲ್ಲ.