ಆಳಿಗೆ ಎಷ್ಟು

ಸೊಲ್ಲಾಪುರದ ಅಕ್ಕಲಕೋಟ ರೋಡಿನ ಟವೆಲ್ ಕಾರ್ಖಾನ್ಯಾಗ
ಹತ್ತೊಂಬತ್ತು ವರ್ಷದಿಂದ ರಿಜಿಸ್ಟರ್ ಬರಿಯಾಂವ ನಾನು.
ಎಡಕ್ಕ ಆಳು, ನಡುವ ಟವೆಲ್,
ಬಲತುದೀಗೆ ಭಾಗಾಕಾರ: ಆಳಿಗೆ ಎಷ್ಟು.

ದೀಪಾವಳಿ ಮುಂದ ಹದಿನಾರು ಮಂದಿ, ಒಂಬೈನೂರರವತ್ತು.
ಆಳಿಗೆ ಅರವತ್ತು.
ಮಾತು ಕೇಳ್ತಿರಲಿಲ್ಲ, ತುಟಿ ನೋಡಿ ತಿಳೀಬೇಕಿತ್ತು,
ಚಾ ಗ್ಲಾಸಿನ್ಯಾಗ ಹತ್ತಿಧೂಳು ಕೆನಿಯಂಗ ಕೂಡತಿತ್ತು.

ಸಂಕ್ರಾಂತಿಗೆ ದುಬೈದ ಆರ್ಡರ್ ನಿಂತ್ವು.
ಮಾಲಕ ಯಾರನ್ನೂ ಬಿಡಿಸಲಿಲ್ಲ.
"ಕೈ ಪಳಗಿದ ಆಳು ಒಮ್ಮೆ ಹ್ವಾದ್ರ ಭಿವಂಡಿ ಪಾಲು."
ಅದರಾಗ ಕರುಣಾ ಎಷ್ಟು, ಲೆಕ್ಕ ಎಷ್ಟು,
ನನಗ ಬಗೀಹರೀಲಿಲ್ಲ.
ಹದಿನಾರು ಮಂದಿ, ಮುನ್ನೂರಿಪ್ಪತ್ತು.
ಆಳಿಗೆ ಇಪ್ಪತ್ತು, ಬರಕೊಂಡೆ.
ಬರೇ ಅಂಕಿ ಓದಿದವರಿಗೆ ಮೈಗಳ್ಳರ ಸಂತಿ ಕಾಣತೈತಿ.
ಇಮಾಂಬಿ ಮಗ್ಗದ ಹೊಟ್ಟ್ಯಾಗಿಂದ ವರ್ಷದ ಜುಂಗು ಕಿತ್ತು ತೆಗದಳು.
ನರಸಯ್ಯ ಬೊಲ್ಲಿ, ಏಳನೇ ಮಗ್ಗದ ಬುಡಕ್ಕ ಕುಂತು,
ಹುಡುಗ ಕಾಶಿನಾಥಗ ಗಂಟು ಹಾಕೂದು ಕಲಿಸಿದ:
ಹೆಬ್ಬೆರಳ ಮ್ಯಾಲೆ ಎಳಿ, ತೋರಬೆರಳ ಕೆಳಗ ತುದಿ,
ಅರ್ಧ ತೆಲುಗು, ಅರ್ಧ ಕನ್ನಡ, ಬೈಗುಳ ಮರಾಠಿ.
ಅದನ್ನ ಬರೀಲಿಕ್ಕೆ ನನ್ನ ಹತ್ರ ಖಾನೆ ಇರಲಿಲ್ಲ.

ಹೋಳಿ ಕಳೀತು. ಆರು ಮಂದಿಗೆ
"ನಾಳಿಂದ ಬರಬ್ಯಾಡ್ರಿ."
ನರಸಯ್ಯ ಕೊರಳಾಗಿನ ಸಣ್ಣ ಕತ್ತರಿ ಬಿಚ್ಚಿ
ಏಳನೇ ಮಗ್ಗದ ಮೊಳಿಗೆ ತೂಗಹಾಕಿ ಹ್ವಾದ.
ಇಮಾಂಬಿ ಈಗ ಮನ್ಯಾಗ ಬೀಡಿ ಸುತ್ತತಾಳ, ದಿನಕ್ಕ ಎಂಟನೂರು.
ಅದು ಬ್ಯಾರೆಯವರ ರಿಜಿಸ್ಟರು.

ಮಳಿಗಾಲಕ್ಕ ಆರ್ಡರ್ ತುಸು ತಿರುಗಿದ್ವು.
ಹತ್ತು ಮಂದಿ, ಏಳುನೂರು.
ಆಳಿಗೆ ಎಪ್ಪತ್ತು!
ಮಾಲಕನ ಮಗ ಪೇಢೆ ಹಂಚಿದ,
ಏರೋ ಗೆರಿಯೊಂದನ್ನ ಗ್ವಾಡಿಗೆ ಅಂಟಿಸಿದ.
ಮ್ಯಾಲಿನ ಅಂಕಿ ದೀಪಾವಳಿಗಿಂತ ಕಡಿಮಿನ ಐತಪಾ,
ಕೆಳಗಿಂದು ಕರಗೇತಿ, ಅಷ್ಟ,
ಅಂತ ಹೇಳಬೇಕಂದೆ.
ಬಾಯಾಗ ಪೇಢೆ ಇತ್ತು. ಚಲೋನೂ ಇತ್ತು.

ಕಾಶಿನಾಥ ನಾಕು ಮಗ್ಗ ನೋಡತಾನ.
ಎಳಿ ಹರೀತಂದ್ರ ಕಣ್ಣು ಮಿಟುಕೂದ್ರಾಗ ಗಂಟು.
ಅವನ ಹೆಸರಿನ ಮುಂದ ಎಪ್ಪತ್ತು ಬರೀತೀನಿ,
ಬರಿಯೂವಾಗ ಹೆಬ್ಬೆರಳು ಮಾತ್ರ
ಬ್ಯಾರೆಯವನದು ಕಾಣತೈತಿ.

ನಿನ್ನೆ ಭಿವಂಡಿಯಿಂದ ನರಸಯ್ಯನ ಫೋನು.
ಬಾಕಿ ಪಗಾರ ಕೇಳಲಿಲ್ಲ, ಕೆಲಸ ಕೇಳಲಿಲ್ಲ.
"ಏಳನೇದು ಇನ್ನೂ ಟಕ್ ಅಂತೈತೇನೋ?"
ಅಂತೈತಿ, ಅಂದೆ.
ಸುಮ್ಮನಾದ.
ಆ ಕಡೀಗೂ ಮಗ್ಗ ಕೇಳತಿದ್ದವು.