ಎರಡು ತಾರೀಖು

ಬೋಹ್ರಿ ಆಳಿಯಲ್ಲಿ, ಪಾತ್ರೆ ಅಂಗಡಿಯ ಪಕ್ಕ ನಾಲ್ಕು ಮೆಟ್ಟಿಲಿಳಿದರೆ
ಮುಸ್ತನ್‌ಸಿರ್ ಭಾಯಿಯ ಬೈಂಡಿಂಗ್ ಕೋಣೆ.
ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ತೂಕ ನೋಡಿದ.
ಬೆನ್ನು ಮುರಿದಿದೆ, ಹೊಲಿಗೆ ಸಡಿಲ,
ಹುಳ ಕೊನೆಯ ಪುಟದಿಂದ ಹಿಂದಕ್ಕೆ ತಿನ್ನುತ್ತ ಬಂದಿದೆ.
"ಉರ್ದು ಕಲಿತ ಹುಳ," ಎಂದು ನಕ್ಕ.
ಅವನಿಗೆ ಕನ್ನಡ ಬಾರದು,
ನಮ್ಮ ಅಕ್ಷರವೆಲ್ಲ ಅವನಿಗೊಂದು ಬಳೆಯಂಗಡಿ.

ಸತ್ಯವೇದ. ಬೆಟಗೇರಿಯಿಂದ ಅಪ್ಪನ ಟ್ರಂಕಿನಲ್ಲಿ
ಎರಡು ಧೋತರ, ಒಂದು ಹಿತ್ತಾಳೆ ಚರಿಗೆಯ ಜೊತೆ
ಪುಣೆಯ ಖಡಕಿಗೆ ಬಂದದ್ದು.

"ಇದನ್ನು ಕಿತ್ತು ಹೊಸದು ಹಾಕಲೇ?"
ಮೊದಲ ಹಾಳೆ. ಅಚ್ಚಿಲ್ಲದ್ದು, ಖಾಲಿಯಲ್ಲ:
ನಮ್ಮ ಮನೆಯ ಹುಟ್ಟು, ದೀಕ್ಷಾಸ್ನಾನ, ಸಾವು.
ಕೊನೆಗೆ ಜಯಶೀಲ, ಐದು ವರ್ಷ, ಗಂಟಲಮಾರಿ.
ಅಪ್ಪನ ನೀಲಿ ಮಸಿಯಲ್ಲಿ, ಜುಲೈ ಒಂಬತ್ತು.
ಕೆಳಗೆ ಅವ್ವನ ಕಪ್ಪು ಮಸಿಯಲ್ಲಿ, ಜುಲೈ ಹತ್ತು.
ಯಾರೂ ಯಾರದನ್ನೂ ಹೊಡೆದು ಹಾಕಿಲ್ಲ.

ಅಪ್ಪ ಮದ್ದುಗುಂಡಿನ ಕಾರ್ಖಾನೆಯಲ್ಲಿ ಫ್ಯೂಸು ತಪಾಸಣೆಯವ.
"ಕೂದಲೆಳಿ ತಪ್ಪಿದ್ರೂ ಯಾರದರ ಕೈ ಹೋಗತದ," ಅನ್ನುತ್ತಿದ್ದ.
ಸರಿಯಾಗಿದ್ದರೂ ಹೋಗುವುದು
ಯಾರದೋ ಕೈಯೇ ಎಂದು
ನನಗೆ ಬಹಳ ತಡವಾಗಿ ಹೊಳೆಯಿತು, ಅವನಿಗೆ ಹೊಳೆದಿತ್ತೋ ಕೇಳಲಿಲ್ಲ.
ಅದೇ ಕಣ್ಣಲ್ಲಿ ವೇದವನ್ನೂ ಓದಿದ.
ಸಮಾಧಿಗೆ ಹೋದ ಹೆಂಗಸರು ಒಬ್ಬಳೋ, ಇಬ್ಬರೋ, ಮೂವರೋ?
ಹೊತ್ತು ಮೂಡಿತ್ತೋ, ಇನ್ನೂ ಕತ್ತಲೋ?
ಅಂಚಿನುದ್ದಕ್ಕೂ ಸೀಸದ ಕಡ್ಡಿಯ ಸಣ್ಣ ಗೀಟು,
ವಾಪಸು ಕಳಿಸುವ ಮಾಲಿನ ಮೇಲೆ ಹಾಕುವಂಥದು.

ಆ ರಾತ್ರಿ ಸಸೂನ್ ಆಸ್ಪತ್ರೆಯಲ್ಲಿ
ಹನ್ನೊಂದೂವರೆಗೆ ಎಲ್ಲ ಮುಗಿಯಿತು.
ಅಪ್ಪ ಸೈಕಲ್ಲು ಹತ್ತದೆ, ನೂಕಿಕೊಂಡೇ ಬಂದ.
ಕ್ವಾರ್ಟರ್ಸಿನ ಕಿಟಕಿಯಲ್ಲಿ ಇಣುಕಿದ:
ಮೂರು ರಾತ್ರಿಯ ಮೇಲೆ ಅವ್ವ
ಗೋಡೆಗೊರಗಿ ನಿದ್ದೆಹೋಗಿದ್ದಳು.
ಎಬ್ಬಿಸಲಿಲ್ಲ.
ಹೊರಗೆ ಕಟ್ಟೆಯ ಮೇಲೆ ಕೂತ, ಹಾಲಿನವನು ಬರುವತನಕ.
ಅವ್ವನ ಮಗ ಇನ್ನೂ ಆರು ತಾಸು ಬದುಕಿದ್ದ.

ಪಾದ್ರಿ ದಾನಪ್ಪನವರು ಬಂದರು, ದೇವರ ಚಿತ್ತ ಅಂದರು.
ಅವ್ವ ಚಹಾ ಕೊಟ್ಟಳು, ಸಕ್ಕರೆ ಹಾಕಲಿಲ್ಲ.
ಆಮೇಲೆ ಎಷ್ಟೋ ವರ್ಷ, ದಿನಾ ಸಂಜೆ
ದೂರಿನ ಪುಟಗಳನ್ನೇ ಹುಡುಕಿ ಗಟ್ಟಿಯಾಗಿ ಓದಿದಳು,
ಬಾಡಿಗೆ ಕರಾರನ್ನು ಮನೆ ಮಾಲೀಕನ ಮುಂದೆ ಓದುವ ಹಾಗೆ.
ಕಾಲೇಜು ಮೆಟ್ಟಿಲು ಹತ್ತಿದ ಜಾಣತನದಲ್ಲಿ ಒಮ್ಮೆ ಅಂದೆ:
ದೇವರೂ ಅಪ್ಪನಂಗ ಹೊರಗ ಕೂತಿದ್ದನೇನೋ.
"ಕೂತಿದ್ರ ಏನಾತು? ಒಳಗ ಬರಬೇಕಿತ್ತು."

ಅದಕ್ಕೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.
ಇದ್ದದ್ದು ಇಷ್ಟೇ:
ಸುಳ್ಳು ಕಟ್ಟುವವರಾಗಿದ್ದರೆ ಒಂದೆಡೆ ಕೂತು
ಹೆಂಗಸರ ಲೆಕ್ಕ ಸರಿಮಾಡುತ್ತಿದ್ದರು,
ಸೂರ್ಯನಿಗೊಂದು ಹೊತ್ತು ಗೊತ್ತುಮಾಡುತ್ತಿದ್ದರು,
ಸಂಕಟದವರು ಮೇಲೆ ನೋಡಿ ಆಡಿದ ಮಾತನ್ನು
ಕತ್ತರಿಯಲ್ಲಿ ತೆಗೆಯುತ್ತಿದ್ದರು.
ತೆಗೆದಿಲ್ಲ. ನೀಲಿ, ಕಪ್ಪು, ಎರಡೂ ಮಸಿ ಇವೆ.
ನಂಬಲು ಸಾಕೇ? ಕೆಲವು ದಿನ ಸಾಕು.
ಜಯಶೀಲನ ಗಂಟಲಿನ ಆ ಗೊರಗೊರ ಕಿವಿಗೆ ಬಂದ ದಿನ
ಸಾಲದು. ಆ ದಿನವೂ ಪುಸ್ತಕ ಮೇಜಿನ ಮೇಲೇ ಇರುತ್ತದೆ.

"ಅಂಚು ಕತ್ತರಿಸಿದರೆ ಚೊಕ್ಕ ಕಾಣುತ್ತೆ, ಬೆಹನ್‌ಜೀ."
ಬೇಡ. ಗೀಟು ಹೋಗುತ್ತವೆ.
"ಎಲ್ಲಾ ಹಳೇದೇ ಇಟ್ಟರೆ ನಾನೇನು ಕೆಲಸ ಮಾಡಲಿ?"
ಬೆನ್ನು ಗಟ್ಟಿ ಮಾಡು. ಅಷ್ಟು ಸಾಕು.

ನಾನಾಗ ಎಂಟು ವರ್ಷದವಳು. ರೋಗ ತಾಗೀತೆಂದು
ಫ್ರಾನ್ಸಿಸ್ಕಾಬಾಯಿಯ ಮನೆಯಲ್ಲಿ ಇಟ್ಟಿದ್ದರು.
ತಮ್ಮ ಅಜ್ಜಿಯೂರಿಗೆ ಹೋಗಿದ್ದಾನೆ ಅಂದಿದ್ದರು, ನಾನೂ
ಅವನ ಪಾಲಿನ ಬಿಸ್ಕೀಟು ಎತ್ತಿಟ್ಟಿದ್ದೆ.
ಹನ್ನೆರಡನೇ ತಾರೀಖು, ಅವನ ಸ್ಲೇಟನ್ನು ಒರೆಸದೆಯೇ
ಯಾರೋ ನನ್ನ ಕೈಗೆ ಕೊಟ್ಟರು.

ಅದನ್ನು ನಾನೆಲ್ಲೂ ಬರೆದಿಲ್ಲ.
"ಈ ಹಾಳೆ?" ಕತ್ತಿ ಹಿಡಿದೇ ಕೇಳುತ್ತಾನೆ ಮುಸ್ತನ್‌ಸಿರ್ ಭಾಯಿ.
ಇರಲಿ.
ಅವ್ವನ ಸಾಲಿನ ಕೆಳಗೆ ಒಂದು ಬೆರಳಗಲ
ಜಾಗ ಇದೆ.