ನಾಲ್ಕು ಇಂಚಿಗೆ ಅರ್ಧ ನೂಲು ಕಮ್ಮಿ

ಬಿ.ಎಂ. ರಸ್ತೆಯಲ್ಲಿ, ಜೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ
ನಾನು ಟಿಕೆಟ್ ಮಾರುತ್ತೇನೆ. ಹತ್ತೊಂಬತ್ತು ವರ್ಷ.
ಒಮ್ಮೆಯೂ ವಿಮಾನ ಹತ್ತಿಲ್ಲ, ಅದು ಬೇರೆ ಮಾತು;
ಸೂಲಗಿತ್ತಿ ತಾನೂ ಹೆತ್ತಿರಬೇಕು ಎಂದೇನಿದೆ?

ಪೆನ್ಷನ್ ಮೊಹಲ್ಲಾದ ಖೈರುನ್ ಬೀ ಬಂದರು,
ಕೊರಳಲ್ಲಿ ಅಳತೆ ಟೇಪು, ತೆಗೆಯಲು ಮರೆತದ್ದು,
ಸೆರಗಿಗೆ ಅಂಟಿದ ನೀಲಿ ದಾರದ ತುಂಡುಗಳು.
"ತಂಗಿ ಕರೀತಿದಾಳೆ. ಬೆಂಗಳೂರಿಂದ ಜಿದ್ದಾ. ಎಷ್ಟು ದೂರ?"

"ನಾಲ್ಕು ಸಾವಿರದ ನೂರ ಎಂಬತ್ತು ಕಿಲೋಮೀಟರು,
ಆರು ಗಂಟೆ" ಎಂದೆ. ಅವರಿಗದು ಬರೀ ಸಂಖ್ಯೆ.
ಮೇಜಿನ ಮೇಲಿನ ಗೋಲವನ್ನು ಹತ್ತಿರ ಎಳೆದು
(ಧೂಳು ಹಿಂದೂ ಮಹಾಸಾಗರದಲ್ಲೇ ಜಾಸ್ತಿ)
ಟೇಪು ಇಟ್ಟರು. ಈ ತುದಿಗೆ ಉಗುರು, ಆ ತುದಿಗೆ ಹೆಬ್ಬೆರಳು.
"ನಾಲ್ಕು ಇಂಚಿಗೆ ಅರ್ಧ ನೂಲು ಕಮ್ಮಿ.
ಇಷ್ಟಕ್ಕೆ ಮೂವತ್ತೆಂಟು ಸಾವಿರ ತಗೋತೀರಾ?"

ಗೋಡೆಯ ನಕ್ಷೆಯಲ್ಲಿ ದಾರಿ ಬಾಗಿತ್ತು, ಬಿಲ್ಲಿನ ಹಾಗೆ.
ನೇರ ಯಾಕೆ ಹೋಗಲ್ಲ ಎಂದು ಗಿರಾಕಿಗಳೆಲ್ಲ ಕೇಳುತ್ತಾರೆ,
ಅದಕ್ಕೆಂದೇ ನನ್ನ ಬಳಿ ಒಂದು ಭಾಷಣವಿದೆ.
ಗಂಟಲು ಸರಿಮಾಡುವ ಮೊದಲೇ ಅವರೆಂದರು:
"ಕಾಗದದ ಮೇಲೆ ತೋಳಿನ ಸುತ್ತು ಬಾಗಿಯೇ ಇರುತ್ತೆ.
ಮೈಮೇಲೆ ಕೂತಾಗ ತಾನೇ ನೇರ ಆಗುತ್ತೆ."
ನನ್ನ ಭಾಷಣ ಅವತ್ತಿಗೇ ಮುಗಿಯಿತು.

ಹಾಸನದಿಂದ ದೇವನಹಳ್ಳಿಗೆ ಬಸ್ಸಿನಲ್ಲಿ ಐದೂವರೆ ಗಂಟೆ,
ಯಡಿಯೂರಿನಲ್ಲಿ ಟೀಗೆ ನಿಲ್ಲಿಸಿದರೆ ಆರು;
ಅಷ್ಟು ಹೊತ್ತಿಗೆ ಅತ್ತ ಒಂದು ಸಮುದ್ರವೇ ಮುಗಿದಿರುತ್ತದೆ.
ಸಾಲಗಾಮೆ ರಸ್ತೆಯಲ್ಲಿ ಆಕಾಶಕ್ಕೆ ಬಾಯ್ದೆರೆದ ಬಿಳಿ ಬಟ್ಟಲುಗಳು
ಮೂವತ್ತಾರು ಸಾವಿರ ಕಿಲೋಮೀಟರು ಮೇಲಿರುವವರ ಜತೆ
ರೆಪ್ಪೆ ಬಡಿಯುವಷ್ಟರಲ್ಲಿ ಮಾತು ಮುಗಿಸುತ್ತವೆ.
ದೂರ ಎಂಬುದಕ್ಕೆ ನಮ್ಮೂರಲ್ಲಿ ಒಂದೇ ಅರ್ಥವಿಲ್ಲ.

ಟಿಕೆಟ್ ಮುದ್ರಣವಾಗುವಾಗ ನಿಜವಾದ ಪ್ರಶ್ನೆ ಬಂತು:
"ಅವತ್ತು ರೋಜಾ. ಹೊತ್ತು ಯಾವಾಗ ಮುಳುಗುತ್ತೆ, ಮೇಲೆ?"
ಪ್ರಯಾಣದಲ್ಲಿ ಬಿಡಬಹುದಲ್ಲ ಎಂದೆ.
ಬಿಡಬಹುದು, ಎಂದರು.
ಮತ್ತೆ ಕಾದರು.

ರಸೀದಿಯ ಹಿಂಬದಿಯಲ್ಲಿ ಬರೆದುಕೊಟ್ಟೆ:
ಮೂರೂವರೆಗೆ ಏರುವುದು. ಒಂಬತ್ತೂವರೆಗೆ ಇಳಿಯುವುದು,
ಅಲ್ಲಿಯ ಗಡಿಯಾರದಲ್ಲಿ ಏಳು. ಸೂರ್ಯನ ಬೆನ್ನು ಹಿಡಿದು ಹಾರುವುದರಿಂದ
ಹಗಲಿಗೆ ಎರಡೂವರೆ ಗಂಟೆಯ ಬಾಲ.
ನಮ್ಮ ಹೊತ್ತಿಗೆ ಒಂಬತ್ತು ಐದು. ಎಡಗಡೆ ಕಿಟಕಿ.

ಆ ಸಂಜೆ ಆರೂ ಮೂವತ್ತೈದಕ್ಕೆ ಮಸೀದಿಯ ಸೈರನ್ ಕೂಗಿತು.
ಮೊಹಲ್ಲಾ ಖರ್ಜೂರ ಬಾಯಿಗಿಟ್ಟಿತು. ಜೆರಾಕ್ಸಿನ ಹುಡುಗ
ಟೀ ತಂದಿಟ್ಟ. ಗೋಲದ ಮೇಲೆ ಬೆರಳಿಟ್ಟು ನೋಡಿದೆ:
ಎರಡು ಇಂಚು ಹೋಗಿರಬೇಕು. ಬಿಸಿಲಿರಬೇಕು.
ಟೀ ಕುಡಿದೆ, ಸುಳ್ಳು ಯಾಕೆ.
ಅಂಗಡಿಯ ಬಾಗಿಲು ಎಳೆದದ್ದು ಮಾತ್ರ ಒಂಬತ್ತು ಹತ್ತಕ್ಕೆ.

ಹಬ್ಬ ಕಳೆದು ಬಂದರು. ಒಂದು ಡಬ್ಬಿ ಖರ್ಜೂರ,
ಒಂದು ತಕರಾರು: "ಹನ್ನೊಂದು ನಿಮಿಷ ತಪ್ಪಿದೆ ನಿಮ್ಮ ಲೆಕ್ಕ.
ಕೆಳಗೆ ಊರಿನ ದೀಪ ಹತ್ತಿದ್ವು,
ನನ್ನ ಕಿಟಕೀಲಿ ಇನ್ನೂ ಒಂದು ಕೆಂಪು ಚೂರು.
ನೀರಿನ ಲೋಟ ಹಿಡಿದು ಕೂತೇ ಇದ್ದೆ."

ಎತ್ತರವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ, ಎಂದೆ.
"ಅದೇ" ಎಂದರು ಕೊರಳಿನ ಟೇಪು ಸರಿಮಾಡಿಕೊಂಡು,
"ಹೊಲಿಗೆಗೆ ಅಂತ ಸ್ವಲ್ಪ ಅಂಚು ಬಿಡಬೇಕಿತ್ತು ನೀವು."